ದೀಪ ಆರುತ್ತಿಲ್ಲವೇ? ತಾನೇ ಗಾಳಿ ತುಂಬಿಕೊಳ್ಳುವ ಟ್ರೇಲರ್ ಟೈರುಗಳ ದೋಷ ಹುಡುಕುವ ಬಗೆ

"ದೀಪ ಮೂರು ದಿನದಿಂದ ಉರೀತಾನೇ ಇದೆ ಭಾಯಿ. ಟೈರೆಲ್ಲ ಕಲ್ಲಿನ ಹಾಗೆ ಗಟ್ಟಿ ಇವೆ. ದೀಪಾನೇ ಕೆಟ್ಟಿರಬೇಕು, ವೈರ್ ಕಿತ್ತು ಹಾಕಿಬಿಡಿ."

ಟೆಕ್ಸಾಸಿನ ನಮ್ಮ ಟ್ರೇಲರ್ ಯಾರ್ಡಿಗೆ ಬರುವ ಡ್ರೈವರುಗಳಲ್ಲಿ ಪಂಜಾಬಿನವರು ಬಹಳ. ಅವರ ಹಿಂದಿಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅವರು ಹೇಳುವುದು ಟ್ರೇಲರಿನ ಮುಂದಿನ ಮೂಲೆಯಲ್ಲಿರುವ, ಟೈರಿನ ಎಚ್ಚರಿಕೆ ದೀಪದ ಮಾತು. ದೀಪ ನಿಜವಾಗಿ ಕೆಟ್ಟಿದ್ದದ್ದು ಅಪರೂಪ. ಟೈರು ಗಟ್ಟಿ ಇರುವುದೂ ನಿಜ, ದೀಪ ಹೇಳುತ್ತಿರುವುದೂ ನಿಜ. ಎರಡೂ ಒಟ್ಟಿಗೆ ಹೇಗೆ ನಿಜ ಎನ್ನುವುದು ತಿಳಿದರೆ ಅರ್ಧ ರಿಪೇರಿ ಆದಂತೆ.

ನಾನು ಗಾಳಿಯ ಕೆಲಸ ಕಲಿತದ್ದು ಹಿರಿಯೂರಿನ ಹತ್ತಿರ ಹೆದ್ದಾರಿ ಪಕ್ಕದಲ್ಲಿದ್ದ ಸೋದರಮಾವನ ಪಂಕ್ಚರ್ ಅಂಗಡಿಯಲ್ಲಿ. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡುವುದು, ನಿಪ್ಪಲಿಗೆ ಬೆರಳಿಂದ ಎಂಜಲು ಸವರಿ ಉಬ್ಬುತ್ತದೋ ನೋಡುವುದು, ಇಷ್ಟೇ ಅಲ್ಲಿಯ ವಿದ್ಯೆ. ಇಲ್ಲಿಗೆ ಬಂದು ಎಂಟು ಟೈರಿಗೆ ತಾನೇ ಗಾಳಿ ತುಂಬುವ ಟ್ರೇಲರನ್ನು ಮೊದಲ ಸಲ ಕಂಡಾಗ, ಇನ್ನು ನಮ್ಮಂಥವರಿಗೆ ಕೆಲಸವಿಲ್ಲ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು: ಈ ವ್ಯವಸ್ಥೆ ತೂತನ್ನು ಮುಚ್ಚುವುದಿಲ್ಲ. ತೂತಿನಿಂದ ಹೋದಷ್ಟನ್ನು ಹಿಂದಿನಿಂದ ತುಂಬುತ್ತ ಇರುತ್ತದೆ. ಅಂದರೆ ಮಾವನ ಅಂಗಡಿಗೆ ಬಂದ ಟೈರು ತನ್ನ ರೋಗವನ್ನು ತಾನೇ ತೋರಿಸುತ್ತಿತ್ತು. ಇಲ್ಲಿಯ ಟೈರು ರೋಗ ಮುಚ್ಚಿಟ್ಟುಕೊಂಡು ಓಡುತ್ತದೆ. ಹುಡುಕುವ ಕೆಲಸ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ.

ಗಾಳಿ ಹೋಗುವ ದಾರಿ

ಸ್ಪಾನರ್ ಕೈಗೆತ್ತಿಕೊಳ್ಳುವ ಮುಂಚೆ ಗಾಳಿಯ ದಾರಿ ತಲೆಯಲ್ಲಿರಬೇಕು. ಮುಂದಿನ ಗಾಡಿಯ ಕಂಪ್ರೆಸರಿನಿಂದ ಬಂದ ಗಾಳಿ ಕೆಂಪು ಹೋಸಿನ ಮೂಲಕ ಟ್ರೇಲರಿನ ಏರ್ ಟ್ಯಾಂಕಿಗೆ ಬರುತ್ತದೆ. ಆ ಗಾಳಿಯ ಮೊದಲ ಹಕ್ಕುದಾರ ಬ್ರೇಕು. ಹಾಗಾಗಿ ಟೈರಿನ ಕಡೆ ಹೋಗುವ ದಾರಿಯ ಬಾಗಿಲಲ್ಲೇ ಒಂದು ಕಾವಲು ವಾಲ್ವ್ ಇದೆ. ಟ್ಯಾಂಕಿನ ಒತ್ತಡ (ಅದರ ಅಳತೆ ಪಿಎಸ್‌ಐ) ಸುಮಾರು 70ರಿಂದ 80 ಪಿಎಸ್‌ಐಗಿಂತ ಕೆಳಗಿಳಿದರೆ ಅದು ಮುಚ್ಚಿಕೊಳ್ಳುತ್ತದೆ. ಟೈರು ಒಡೆದು ಗಾಳಿಯೆಲ್ಲ ಸೋರಿದರೂ ಬ್ರೇಕಿಗೆ ಬೇಕಾದಷ್ಟು ಉಳಿಯಬೇಕಲ್ಲ.

ಅಲ್ಲಿಂದ ಮುಂದೆ ಕಂಟ್ರೋಲ್ ಬಾಕ್ಸು. ಅದರೊಳಗೆ ಕೈಯಿಂದ ಮುಚ್ಚುವ ವಾಲ್ವ್, ಫಿಲ್ಟರ್, ಒತ್ತಡವನ್ನು ಇಷ್ಟಕ್ಕೇ ನಿಲ್ಲಿಸುವ ರೆಗ್ಯುಲೇಟರ್, ಮತ್ತೆ ಫ್ಲೋ ಸ್ವಿಚ್ ಇರುತ್ತವೆ. ಅದನ್ನು ದಾಟಿದ ಗಾಳಿ ಆಕ್ಸಲಿನ ಟೊಳ್ಳಿನೊಳಗೆ ಹೋಗುತ್ತದೆ. ಕೆಲವು ತಯಾರಕರು ಆಕ್ಸಲನ್ನೇ ಪೈಪಿನಂತೆ ಬಳಸುತ್ತಾರೆ, ಕೆಲವರು ಅದರೊಳಗೆ ಬೇರೆ ನಳಿಗೆ ಎಳೆದಿರುತ್ತಾರೆ. ನಿಮ್ಮ ಮುಂದಿರುವುದು ಯಾವುದು ಎಂದು ಮೊದಲೇ ನೋಡಿಕೊಳ್ಳಿ, ಮುಂದೆ ಬೇಕಾಗುತ್ತದೆ. ಆಕ್ಸಲಿನ ತುದಿಯಲ್ಲಿ, ನಿಂತ ಆಕ್ಸಲಿನಿಂದ ತಿರುಗುವ ಚಕ್ರಕ್ಕೆ ಗಾಳಿ ದಾಟಿಸುವ ರೋಟರಿ ಯೂನಿಯನ್. ಅದರಾಚೆ ಹಬ್‌ಕ್ಯಾಪಿನ ಮೇಲೆ (ಚಕ್ರದ ನಡುವಿನ ಹಬ್ಬಿನ ಮುಚ್ಚಳ) ಮೂರು ಬಾಯಿಯ ಒಂದು ಜೋಡಣೆ, ಅದೇ ಟೀ. ಟೀಯಿಂದ ಜೋಡಿ ಚಕ್ರದ ಒಳಬದಿಯ ಟೈರಿಗೊಂದು (ಒಳಟೈರು), ಹೊರಬದಿಯದಕ್ಕೊಂದು (ಹೊರಟೈರು) ಹೋಸು. ಪ್ರತಿ ಹೋಸಿನ ದಾರಿಯಲ್ಲೂ ಚೆಕ್ ವಾಲ್ವ್ ಇದೆ: ಗಾಳಿ ಟೈರಿನೊಳಗೆ ಹೋಗಬಹುದು, ವಾಪಸ್ ಬರುವಂತಿಲ್ಲ. ಒಂದು ಟೈರು ಕುಸಿದರೆ ಉಳಿದ ಏಳು ಅದರ ಹಿಂದೆ ಹೋಗದಿರಲಿ ಎಂದು.

ಈಗ ದೀಪ. ಅದಕ್ಕೆ ಕರೆಂಟು ಕೊಡುವುದು ಫ್ಲೋ ಸ್ವಿಚ್. ಟೈರಿನಲ್ಲಿ ಎಷ್ಟು ಗಾಳಿ ಇದೆ ಎನ್ನುವುದು ಆ ಸ್ವಿಚ್ಚಿಗೆ ಗೊತ್ತಿಲ್ಲ. ತನ್ನ ಮುಂದೆ ಗಾಳಿ ಓಡುತ್ತಿದೆಯೋ ನಿಂತಿದೆಯೋ, ಅಷ್ಟೇ ಅದಕ್ಕೆ ತಿಳಿಯುವುದು. ಮನೆಯ ನಲ್ಲಿಗಳೆಲ್ಲ ಮುಚ್ಚಿದ್ದರೂ ನೀರಿನ ಮೀಟರಿನ ಮುಳ್ಳು ತಿರುಗುತ್ತಿದ್ದರೆ ಏನು ಅಂದುಕೊಳ್ಳುತ್ತೀರಿ? ಎಲ್ಲೋ ಪೈಪು ಸೋರುತ್ತಿದೆ ಎಂದಲ್ಲವೇ? ಮೇಲಿನ ಟ್ಯಾಂಕು ತುಂಬಿಯೇ ಇದೆ, ಹಾಗಾಗಿ ಮೀಟರ್ ಕೆಟ್ಟಿದೆ ಎನ್ನುವುದಿಲ್ಲ. ಡ್ರೈವರಿಗೆ ನಾನು ಹೇಳುವುದು ಇದೇ ಉಪಮೆ.

ಇದರ ಇನ್ನೊಂದು ಮಗ್ಗುಲೂ ಇದೆ. ಮೀಟರಿನ ಮುಳ್ಳು ಅಲ್ಲಾಡದಷ್ಟು ಸಣ್ಣಗೆ ತೊಟ್ಟಿಕ್ಕುವ ನಲ್ಲಿಯ ಹಾಗೆ, ಸ್ವಿಚ್ಚಿಗೆ ತಿಳಿಯದಷ್ಟು ಸಣ್ಣ ಸೋರಿಕೆಗೆ ದೀಪ ಹೊತ್ತುವುದೇ ಇಲ್ಲ. ದೀಪ ಆರಿದೆ ಎಂದರೆ ಎಲ್ಲ ಸರಿ ಇದೆ ಎಂದು ಅರ್ಥವಲ್ಲ.

ಕೈ ಹಾಕುವ ಮುಂಚೆ

ಟೈರಿನ ಪರೀಕ್ಷೆಗೆ ಟ್ಯಾಂಕು ತುಂಬಿರಬೇಕು, ಅಂದರೆ ಮುಂದಿನ ಗಾಡಿ ಜೋಡಿಸಿ, ಎಂಜಿನ್ ಓಡಿಸಿ, ಟ್ರೇಲರಿಗೆ ಗಾಳಿ ಬಿಟ್ಟಿರಬೇಕು. ಗಾಳಿ ಬಿಟ್ಟ ಕ್ಷಣ ಟ್ರೇಲರಿನ ಪಾರ್ಕಿಂಗ್ ಬ್ರೇಕು ಬಿಡುತ್ತದೆ. ಆದ್ದರಿಂದ ಚಕ್ರ ಉರುಳದಂತೆ ಅಡ್ಡ ದಿಮ್ಮಿ ಇಡದೆ ಕೆಳಗೆ ನುಸುಳಬೇಡಿ. ಎಲ್ಲರಿಗೂ ಗೊತ್ತಿರುವ ಮಾತು, ಎಲ್ಲರೂ ಮರೆಯುವ ಮಾತು.

ಹಬ್‌ಕ್ಯಾಪ್ ಬಿಚ್ಚುವ ಕೆಲಸ ಬಂದರೆ ಕಂಟ್ರೋಲ್ ಬಾಕ್ಸಿನ ವಾಲ್ವ್ ಮುಚ್ಚಿ, ಆಕ್ಸಲಿನೊಳಗೆ ಉಳಿದ ಗಾಳಿಯನ್ನು ಪೂರ್ತಿ ಹೊರಬಿಡಿ. ಆಕ್ಸಲ್ ತುದಿಯ ಪ್ಲಗ್ಗಿನ ಹಿಂದೆ 100 ಪಿಎಸ್‌ಐ ಕೂತಿರುವಾಗ ಅದನ್ನು ಮೀಟಿದರೆ ಪ್ಲಗ್ಗು ಗುಂಡಿನ ಹಾಗೆ ಹಾರುತ್ತದೆ. ಮುಖ ಅದರ ಎದುರಿಗೇ ಇರುತ್ತದೆ. ಗಾಳಿ ತುಂಬಿದ ಆಕ್ಸಲಿಗೆ ವೆಲ್ಡಿಂಗ್ ಅಂತೂ ಬೇಡವೇ ಬೇಡ.

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ನಂಬಿಕೆಯ ಗೇಜು, ಪಾತ್ರೆ ತೊಳೆಯುವ ಸೋಪು ಕಲಸಿದ ನೀರಿನ ಸ್ಪ್ರೇ ಬಾಟಲಿ, ನಿಪ್ಪಲಿನೊಳಗಿನ ಸಣ್ಣ ವಾಲ್ವನ್ನು (ಕೋರ್) ಬಿಚ್ಚುವ ಕೀಲಿ, ಸೀಮೆಸುಣ್ಣ, ಟಾರ್ಚು, ವೈರಿನ ಕೆಲಸಕ್ಕೆ ಮಲ್ಟಿಮೀಟರ್. ಗೇಜಿನ ಬಗ್ಗೆ ಒಂದು ಮಾತು: ಮೊದಲಿಂದ ಕೊನೆಯವರೆಗೆ ಒಂದೇ ಗೇಜು ಬಳಸಿ. ಎರಡು ಗೇಜು ಎರಡು ಮಾತು ಹೇಳುತ್ತವೆ, ಆ ವ್ಯತ್ಯಾಸವನ್ನೇ ಸೋರಿಕೆ ಎಂದು ಬೆನ್ನಟ್ಟಿ ನಾನು ಒಂದಿಡೀ ಮಧ್ಯಾಹ್ನ ಕಳೆದಿದ್ದೇನೆ.

ದೀಪ ಉರಿಯುತ್ತಲೇ ಇದ್ದರೆ

ಮೊದಲಿಗೆ, ಇದು ದೋಷವೇ ಹೌದೋ ನೋಡಿ. ವಾರಗಟ್ಟಲೆ ನಿಂತಿದ್ದ ಟ್ರೇಲರಿಗೆ ಗಾಡಿ ಜೋಡಿಸಿದರೆ ಖಾಲಿ ಆಕ್ಸಲು ತುಂಬಬೇಕು, ಇಳಿದ ಟೈರುಗಳು ಏರಬೇಕು. ಅಷ್ಟು ಹೊತ್ತು ದೀಪ ಉರಿಯುವುದು ಸಹಜ. ಸ್ವಲ್ಪ ಹೊತ್ತಿನಲ್ಲಿ ಆರಿದರೆ ಬಿಟ್ಟುಬಿಡಿ. ಇನ್ನೂ ಒಂದು ಗೊಂದಲ: ಟ್ರೇಲರಿನ ಹಿಂಭಾಗದ ಎಡಬದಿಯಲ್ಲಿ, ಬ್ರೇಕು ಹಾಕಿದಾಗ ಚಕ್ರ ಲಾಕಾಗದಂತೆ ತಡೆಯುವ ಎಬಿಎಸ್‌ನ ಹಳದಿ ದೀಪ ಇರುತ್ತದೆ, ಟೈರಿನ ದೀಪ ಇರುವುದು ಮುಂದಿನ ಮೂಲೆಯಲ್ಲಿ. ಫೋನಿನಲ್ಲಿ ದೂರು ಬಂದಾಗ "ಮುಂದಿಂದೋ ಹಿಂದಿಂದೋ" ಎಂದು ಕೇಳದೆ ಹೊರಡಬೇಡಿ.

ದೀಪ ಆರುತ್ತಲೇ ಇಲ್ಲ ಎಂದಾದರೆ ಎಂಜಿನ್ನಿನಿಂದ ಟ್ಯಾಂಕು ಪೂರ್ತಿ ತುಂಬಿಸಿ, ಎಂಜಿನ್ ಆಫ್ ಮಾಡಿ, ಯಾರ್ಡಿನ ಗದ್ದಲದಿಂದ ದೂರ ನಿಲ್ಲಿಸಿ ಸುಮ್ಮನೆ ಒಂದು ಸುತ್ತು ಬನ್ನಿ. ದೀಪ ಹೊತ್ತಿಸುವಷ್ಟು ದೊಡ್ಡ ಸೋರಿಕೆ ಬಹಳ ಸಲ ಕಿವಿಗೇ ಸಿಗುತ್ತದೆ. ನಾಲ್ಕು ಹಬ್ಬುಗಳ ಹತ್ತಿರವೂ ಕಿವಿ ಕೊಡಿ, ಬೋಗಿಯ (ಹಿಂದಿನ ಆಕ್ಸಲುಗಳನ್ನು ಹೊತ್ತ ಚೌಕಟ್ಟು) ಕೆಳಗೂ ಕೊಡಿ. ಯಾವ ಮೂಲೆ ಎಂದು ತಿಳಿದ ಮೇಲೆ ಸೋಪಿನ ನೀರು.

ಸೋಪು ಹೊಡೆಯುವುದಕ್ಕೂ ಒಂದು ಕ್ರಮ ಇಟ್ಟುಕೊಳ್ಳಿ. ನಾನು ಟೈರಿನಿಂದ ಹೊರಟು ಹಿಂದಕ್ಕೆ, ಟ್ಯಾಂಕಿನ ಕಡೆಗೆ ಬರುತ್ತೇನೆ. ಕಾರಣ ಸರಳ: ರಸ್ತೆಗೆ ತಾಗುವುದು ಟೈರು, ಮೊಳೆ ಚುಚ್ಚುವುದು ಟೈರಿಗೆ. ಬಾಕ್ಸು ಬಿಚ್ಚಿ ರೆಗ್ಯುಲೇಟರ್ ತಿರುವುವ ಹುಡುಗರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಸೋರುವ ಟೈರಿನ ಟ್ರೇಲರಿಗೆ ಹೊಸ ರೆಗ್ಯುಲೇಟರ್ ಹಾಕಿದರೆ ದೀಪ ಇನ್ನೂ ಉರಿಯುತ್ತಲೇ ಇರುತ್ತದೆ, ಜೊತೆಗೆ ಸೆಟ್ಟಿಂಗೂ ಹಾಳು.

ಟೈರಿನ ಹೊರಮೈ, ರಿಮ್ಮಿನ ಅಂಚು, ನಿಪ್ಪಲಿನ ಬುಡ, ಕೋರಿನ ಬಾಯಿ, ಹೀಗೆ ಒಂದೊಂದೇ ನೋಡಿ. ನಿಪ್ಪಲಿನ ಬುಡವನ್ನು ಎಲ್ಲರೂ ಬಿಡುತ್ತಾರೆ. ಚಕ್ರ ತಿರುಗುವಾಗ ಹೋಸಿನ ಭಾರ ನಿಪ್ಪಲನ್ನು ಎಳೆಯುತ್ತಿರುತ್ತದೆ, ಬುಡದ ರಬ್ಬರ್ ರಿಂಗು ಕಾಲಕ್ರಮದಲ್ಲಿ ಸವೆಯುತ್ತದೆ. ಹೋಸನ್ನು ಎಳೆದು ಬಿಗಿಯಾಗಿ ಕೂರಿಸಿದ್ದರೆ ಇನ್ನೂ ಬೇಗ.

ಹೋಸಿನ ಎರಡೂ ತುದಿಯಲ್ಲಿ ಗುಳ್ಳೆ ಬಂದರೆ ಬಿಗಿ ಮಾಡುವ ಮೊದಲು ಬಿಚ್ಚಿ ನೋಡಿ. ಒಳಗಿನ ರಬ್ಬರ್ ವಾಷರ್ ಅತಿ ಬಿಗಿಯಿಂದ ಸೀಳಿದ್ದರೆ ಇನ್ನಷ್ಟು ಬಿಗಿಯುವುದರಿಂದ ಇನ್ನಷ್ಟು ಸೀಳುತ್ತದೆ, ಅಷ್ಟೇ. ಚೆಕ್ ವಾಲ್ವ್ ಪರೀಕ್ಷೆಯೂ ಇಲ್ಲೇ ಮುಗಿಸಿ. ಹೋಸಿನ ಟೈರು ಕಡೆಯ ತುದಿ ಹಾಗೆಯೇ ಇರಲಿ, ಟೀ ಕಡೆಯ ತುದಿ ಬಿಚ್ಚಿ. ಬಿಚ್ಚಿದ ಹೋಸಿನ ಬಾಯಿಂದ ಕ್ಷಣ ಮಾತ್ರ ಪುಸ್ ಎಂದು ನಿಂತರೆ ಸರಿ. ಹೋಸಿನಿಂದ ಗಾಳಿ ಬರುತ್ತಲೇ ಇದ್ದರೆ ಟೈರಿನ ಗಾಳಿ ಹಿಂದಕ್ಕೆ ಹರಿಯುತ್ತಿದೆ, ಆ ಹೋಸು ಬದಲಿಸಿ.

ಇನ್ನು ಹಬ್‌ಕ್ಯಾಪು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಲ್ಲಿಯ ಸೋರಿಕೆ ಗಾಳಿಯನ್ನು ಮಾತ್ರ ಕಳೆಯುವುದಿಲ್ಲ. ರೋಟರಿ ಯೂನಿಯನ್ನಿನ ಸೀಲ್ ಸವೆದರೆ ಗಾಳಿ ಹಬ್ಬಿನ ಒಳಗೆ, ಬೇರಿಂಗುಗಳಿರುವ ಜಾಗಕ್ಕೆ ನುಗ್ಗುತ್ತದೆ. ಅದು ಹೊರಹೋಗಲೆಂದೇ ಹಬ್‌ಕ್ಯಾಪಿಗೆ ಸಣ್ಣದೊಂದು ವೆಂಟ್ ಇಟ್ಟಿರುತ್ತಾರೆ. ವೆಂಟಿನಿಂದ ಗಾಳಿ ಬರುತ್ತಿದ್ದರೆ ರೋಗ ಬಹುತೇಕ ಯೂನಿಯನ್ನಿನದು. ಕೆಲವರು ಆ ವೆಂಟಿಗೇ ಸಿಲಿಕೋನ್ ಮೆತ್ತಿಬಿಡುತ್ತಾರೆ. ಸದ್ದು ನಿಲ್ಲುತ್ತದೆ, ದೀಪವೂ ಆರಬಹುದು. ಆದರೆ ಹೊರದಾರಿ ಕಾಣದ ಗಾಳಿ ಹಿಂದಿನ ವೀಲ್ ಸೀಲನ್ನು ತಳ್ಳುತ್ತದೆ. ಸೀಲ್ ಹೋದರೆ ಹಬ್ಬಿನ ಎಣ್ಣೆ ಬ್ರೇಕ್ ಲೈನಿಂಗಿನ ಮೇಲೆ ಹರಿಯುತ್ತದೆ. ಗಾಳಿಯ ದೋಷ ಬ್ರೇಕಿನ ದೋಷವಾಯಿತು. ಹಬ್ಬಿನ ಒಳಭಾಗದಲ್ಲಿ, ಡ್ರಮ್ಮಿನ ಸುತ್ತ ಎಣ್ಣೆ ಕಂಡರೆ ವೀಲ್ ಸೀಲ್ ಮಾತ್ರ ಬದಲಿಸಿ ಕಳಿಸಬೇಡಿ. ವೆಂಟ್ ಕಟ್ಟಿದೆಯೋ, ಯೂನಿಯನ್ ಸೋರುತ್ತಿದೆಯೋ ನೋಡಿ. ಇಲ್ಲದಿದ್ದರೆ ಹೊಸ ಸೀಲನ್ನೂ ಅದೇ ಗಾಳಿ ತಳ್ಳುತ್ತದೆ.

ಯೂನಿಯನ್ ಬಿಚ್ಚಿದ ಮೇಲೆ ಅದರ ಹಿಂದಿನ ಫಿಲ್ಟರಿನ ಮೇಲೆ ಏನಿದೆ ನೋಡಿ. ಬಿಳಿ ಪುಡಿ ಇದ್ದರೆ ಮುಂದಿನ ಗಾಡಿಯ ಏರ್ ಡ್ರೈಯರಿನೊಳಗಿನ ಕಾಳುಗಳು ಪುಡಿಯಾಗಿ ಬರುತ್ತಿವೆ. ಎಣ್ಣೆ ಜಿಡ್ಡಿದ್ದರೆ ಕಂಪ್ರೆಸರು ಎಣ್ಣೆ ಉಗುಳುತ್ತಿದೆ. ತುಕ್ಕುನೀರಿದ್ದರೆ ಟ್ಯಾಂಕಿನ ಡ್ರೈನ್ ತಿಂಗಳುಗಟ್ಟಲೆ ತೆರೆದಿಲ್ಲ. ಹೊಸ ಯೂನಿಯನ್ ಹಾಕಿ ಕೆಟ್ಟ ಗಾಳಿಯನ್ನೇ ಮತ್ತೆ ಕಳಿಸಿದರೆ ಅದೂ ಬೇಗ ಕೆಟ್ಟು ವಾಪಸ್ ಬರುತ್ತದೆ. ಟ್ರೇಲರ್ ಒಬ್ಬರದು, ಮುಂದಿನ ಗಾಡಿ ಇನ್ನೊಬ್ಬರದು ಆಗಿದ್ದಾಗ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸ. ಫಿಲ್ಟರಿನ ಫೋಟೋ ತೆಗೆದಿಟ್ಟುಕೊಳ್ಳಿ.

ನಾಲ್ಕೂ ಹಬ್ಬು ಒಣಗಿವೆ, ಗುಳ್ಳೆಯಿಲ್ಲ, ಆದರೂ ದೀಪ ಉರಿಯುತ್ತಿದೆ ಎಂದರೆ ಆಕ್ಸಲಿಗೆ ಬನ್ನಿ. ಆಕ್ಸಲೇ ಪೈಪಾಗಿರುವ ಜಾತಿಯಾದರೆ ಮೇಲಿನ ಫಿಟ್ಟಿಂಗಿನ ಸುತ್ತ, ಸಸ್ಪೆನ್ಷನ್ ಬೆಸೆದ ಜಾಗಗಳ ಸುತ್ತ ಸೋಪು ಹೊಡೆಯಿರಿ. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂತೆ ಉದ್ದಕ್ಕೆ ಗುಳ್ಳೆ ಎದ್ದರೆ ಅಲ್ಲಿಗೆ ನಿಲ್ಲಿಸಿ. ಅದು ಗಾಳಿಯ ಸೋರಿಕೆಯಲ್ಲ, ಆಕ್ಸಲ್ ಸೀಳಿರುವ ಸುದ್ದಿ. ಆ ಟ್ರೇಲರ್ ಲೋಡ್ ಹೊತ್ತು ಹೊರಗೆ ಹೋಗಬಾರದು.

ಬಾಕ್ಸಿನಿಂದ ಆಕ್ಸಲಿಗೆ ಬರುವ ನೈಲಾನ್ ಪೈಪು ಕೊನೆಯದು. ಬೋಗಿ ಹಿಂದೆ ಮುಂದೆ ಸರಿಯುವ ಟ್ರೇಲರುಗಳಲ್ಲಿ ಪೈಪು ಎಲ್ಲಾದರೂ ಕಬ್ಬಿಣಕ್ಕೆ ಉಜ್ಜಿರುತ್ತದೆ. ಒತ್ತಿ ಸಿಕ್ಕಿಸುವ ಫಿಟ್ಟಿಂಗಿನಲ್ಲಿ ಗುಳ್ಳೆ ಬಂದರೆ ಪೈಪನ್ನು ಹೊರಗೆಳೆದು ತುದಿ ನೋಡಿ. ಕಟಿಂಗ್ ಪ್ಲೇಯರಿನಲ್ಲಿ ಓರೆಯಾಗಿ ಕತ್ತರಿಸಿದ್ದರೆ ಒಳಗಿನ ರಿಂಗಿನ ಮೇಲೆ ಅದು ಸರಿಯಾಗಿ ಕೂರುವುದಿಲ್ಲ. ನೇರವಾಗಿ ಕತ್ತರಿಸಿ, ಕೊನೆ ಮುಟ್ಟುವವರೆಗೆ ಒತ್ತಿ. ಐದು ನಿಮಿಷದ ಕೆಲಸ, ಹಣವೂ ಖರ್ಚಿಲ್ಲ.

ಒಳಟೈರಿನ ಕಥೆ

ಇದನ್ನು ಬೇರೆಯಾಗಿಯೇ ಹೇಳಬೇಕು. ಒಮ್ಮೆ ಒಬ್ಬ ಡ್ರೈವರ್ ಬಂದು ದೀಪ ಆಗಾಗ ಮಿಣುಕುತ್ತದೆ ಎಂದರು. ಅವಸರದಲ್ಲಿದ್ದರು. ಎಂಟೂ ಟೈರು ನೋಡಿದೆ, ಎಲ್ಲವೂ 100ರ ಆಸುಪಾಸು. ಹೊರಟೈರುಗಳಿಗೆ ಸೋಪು ಹೊಡೆದೆ, ಒಳಟೈರುಗಳಿಗೆ ಟಾರ್ಚು ಬಿಟ್ಟು ನೋಡಿದೆ, ಅಷ್ಟೇ. ಸರಿಯಾಗಿದೆ ಎಂದು ಕಳಿಸಿದೆ.

ಅವರು ಲೋಡಾದ ಟ್ರೇಲರನ್ನು ಒಂದು ಕಡೆ ಬಿಟ್ಟು ಎರಡು ದಿನ ಮನೆಗೆ ಹೋದರು. ಗಾಡಿ ಕಳಚಿದ ಮೇಲೆ ಗಾಳಿ ತುಂಬುವವರು ಯಾರು? ಒಳಟೈರಿನಲ್ಲಿ ಒಂದು ಬೋಲ್ಟು ಹೊಕ್ಕಿತ್ತು. ಎರಡು ದಿನದಲ್ಲಿ ಟೈರು ಕುಸಿಯಿತು. ಮೂರನೇ ದಿನ ಬೆಳಿಗ್ಗೆ ಗಾಡಿ ಜೋಡಿಸಿ, ದೀಪ ಉರಿಯುತ್ತಿರುವಾಗಲೇ ಹೊರಟರು. ಅಂಥ ಟೈರನ್ನು ಈ ಸಣ್ಣ ಹೋಸು ತುಂಬಿಸಲು ಬಹಳ ಹೊತ್ತು ಬೇಕು. ಅಷ್ಟರಲ್ಲಿ ಅರ್ಧ ಗಾಳಿಯ ಟೈರು ಲೋಡಿನಡಿ ಮಡಚುತ್ತ ಮಡಚುತ್ತ ಎಷ್ಟೋ ಮೈಲಿ ಓಡಿತ್ತು. ಆಮೇಲೆ ಪೂರ್ತಿ ತುಂಬಿತು, ದೀಪ ಆರಿತು, ಮಧ್ಯಾಹ್ನದ ಹೊತ್ತಿಗೆ ಒಡೆಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ತಂದ ಟೈರನ್ನು ನೋಡಿದೆ. ಪಕ್ಕದ ಗೋಡೆ ಜಿಪ್ ಎಳೆದ ಹಾಗೆ ಸೀಳಿತ್ತು.

ಟೈರು ಉದ್ಯಮದ ನಿಯಮ ಹೀಗಿದೆ: ಇರಬೇಕಾದ ಒತ್ತಡದ 80 ಶೇಕಡಕ್ಕಿಂತ ಕಡಿಮೆ ಗಾಳಿಯಲ್ಲಿ ಓಡಿದ ಲಾರಿ ಟೈರನ್ನು ಬಿಚ್ಚಿ, ಒಳಗಿನಿಂದ ಪರೀಕ್ಷಿಸಿದ ಮೇಲೆಯೇ ಮತ್ತೆ ಗಾಳಿ ತುಂಬಬೇಕು, ಅದೂ ಕಬ್ಬಿಣದ ಪಂಜರದೊಳಗೆ ಇಟ್ಟು. 100 ಪಿಎಸ್‌ಐ ಟೈರಿಗೆ ಆ ಗೆರೆ 80. ಗೋಡೆಯೊಳಗಿನ ಉಕ್ಕಿನ ಎಳೆಗಳು ಮಡಚಿ ಮಡಚಿ ದಣಿದಿರುತ್ತವೆ, ಹೊರಗಿಂದ ಏನೂ ಕಾಣುವುದಿಲ್ಲ. ಮನುಷ್ಯನಿಗೆ ಇಷ್ಟೆಲ್ಲ ಕಟ್ಟಳೆ. ತಾನೇ ತುಂಬುವ ಯಂತ್ರಕ್ಕೆ ಯಾವ ಕಟ್ಟಳೆಯೂ ಇಲ್ಲ. ಓಡಿದ ಟೈರೋ ನಿಂತ ಟೈರೋ ಎಂದು ಅದು ಕೇಳುವುದಿಲ್ಲ, ತುಂಬಿಬಿಡುತ್ತದೆ. ಅಂದಿನಿಂದ ದೀಪದ ದೂರು ಬಂದರೆ ಒಳಟೈರಿಗೆ ಟಾರ್ಚು ಬಿಟ್ಟು ಮುಗಿಸುವುದಿಲ್ಲ. ಚಕ್ರ ತಿರುಗಿಸಿ, ಕೈಯಾಡಿಸಿ, ಸೋಪು ಹೊಡೆದು ನೋಡುತ್ತೇನೆ. ಡ್ರೈವರಿಗೂ ಹೇಳುತ್ತೇನೆ: ನಿಂತ ಟ್ರೇಲರ್ ಎತ್ತುವಾಗ ಮೊದಲು ಗೇಜು ಹಿಡಿಯಿರಿ. ಯಾವುದಾದರೂ ಟೈರು ತೀರಾ ಇಳಿದಿದ್ದರೆ ಅದನ್ನು ಬಿಚ್ಚಿ ನೋಡಿಸಿ, ಏಕೆ ಇಳಿಯಿತು ಎಂದು ತಿಳಿದ ಮೇಲೆಯೇ ಗಾಳಿ ತುಂಬಿಸಿ ಹೊರಡಿ.

ದೀಪ ಹೊತ್ತದು, ಟೈರು ಮಾತ್ರ ಇಳಿದಿದೆ

ಇದು ಮೇಲಿನದ್ದಕ್ಕಿಂತ ಅಪಾಯದ್ದು, ಆದರೆ ಹುಡುಕುವುದು ಸುಲಭ. ಕೈ ವಾಲ್ವ್ ಮುಚ್ಚಿದೆಯೋ ನೋಡಿ. ನಗಬೇಡಿ, ಬಹಳ ಸಲ ಇದೇ. ತೆರೆದಿದ್ದರೆ ಟ್ಯಾಂಕಿನ ಒತ್ತಡ ನೋಡಿ. 80 ದಾಟದಿದ್ದರೆ ಕಾವಲು ವಾಲ್ವ್ ಬಾಗಿಲು ತೆರೆದೇ ಇಲ್ಲ. ಟ್ಯಾಂಕೂ ತುಂಬಿದ್ದರೆ, ಇಳಿದ ಟೈರಿನ ಹೋಸನ್ನು ಟೀಯಿಂದ ಬಿಚ್ಚಿ ಟೀಯ ಗಾಳಿಯನ್ನು ಬೇಕೆಂದೇ ಹರಿಯಬಿಡಿ. ರಭಸವಾಗಿ ಗಾಳಿ ಬಂದು ದೀಪ ಹೊತ್ತಿದರೆ ದೋಷ ಆ ಒಂದು ಹೋಸಿನಲ್ಲೋ ನಿಪ್ಪಲಿನಲ್ಲೋ ಇದೆ, ಬಹುಶಃ ಹೋಸಿನ ತುದಿಯ ಕಡ್ಡಿ ನಿಪ್ಪಲಿನ ಕೋರನ್ನು ಒತ್ತುತ್ತಿಲ್ಲ. ಗಾಳಿ ಬಂದು ದೀಪ ಹೊತ್ತದಿದ್ದರೆ ವೈರಿನ ಕಡೆ ಹೋಗಿ. ಗಾಳಿಯೇ ಬರದಿದ್ದರೆ ಫಿಲ್ಟರ್ ಕಟ್ಟಿದೆ ಇಲ್ಲವೇ ಪೈಪು ಮಡಚಿದೆ. ಚಳಿನಾಡುಗಳಲ್ಲಾದರೆ ಒಳಗಿನ ನೀರು ಮಂಜುಗಟ್ಟಿರಲೂಬಹುದು.

ವೈರಿನ ಕೆಲಸ ಚಿಕ್ಕದು. ಬಹುತೇಕ ಟ್ರೇಲರುಗಳಲ್ಲಿ ಈ ದೀಪಕ್ಕೆ ಕರೆಂಟು ಬರುವುದು ಏಳು ಪಿನ್ನಿನ ಸಾಕೆಟ್ಟಿನ ನಡುಪಿನ್ನಿನಿಂದ, ಎಬಿಎಸ್‌ಗೆ ಹೋಗುವ ನೀಲಿ ವೈರಿನಿಂದ. ಎಬಿಎಸ್ ಸರಿಯಾಗಿ ಕೆಲಸ ಮಾಡುತ್ತಿದ್ದು ಈ ದೀಪ ಮಾತ್ರ ಸತ್ತಿದ್ದರೆ ಬಾಕ್ಸಿನಿಂದ ದೀಪದವರೆಗಿನ ವೈರು, ಅರ್ಥಿಂಗು, ಬಲ್ಬು, ಇಷ್ಟರಲ್ಲೇ ಇದೆ. ಫ್ಲೋ ಸ್ವಿಚ್ಚಿನ ಎರಡು ವೈರನ್ನು ಒಂದು ಕ್ಷಣ ಕೂಡಿಸಿ. ದೀಪ ಹೊತ್ತಿದರೆ ಸ್ವಿಚ್ ಹೋಗಿದೆ.

ಗಾಳಿ ಹೆಚ್ಚಾಗಿದೆ ಎಂಬ ದೂರು

ಓಡಿ ಬಂದ ಟೈರಿಗೆ ಗೇಜು ಹಿಡಿದು 112 ಕಂಡು ಗಾಬರಿಯಾಗಿ ಗಾಳಿ ಬಿಡುವವರಿದ್ದಾರೆ. ಬೇಡ. 100 ಪಿಎಸ್‌ಐ ಟೈರಿನಲ್ಲಿ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಸುಮಾರು 4 ಪಿಎಸ್‌ಐ ಏರುತ್ತದೆ. ಟೆಕ್ಸಾಸಿನ ಬೇಸಿಗೆಯ ಡಾಂಬರಿನ ಮೇಲೆ 30 ಡಿಗ್ರಿ ಏರುವುದು ದೊಡ್ಡದೇನಲ್ಲ. ಬಿಟ್ಟ ಗಾಳಿಯನ್ನು ವ್ಯವಸ್ಥೆ ಟೈರು ತಣ್ಣಗಾದ ಮೇಲೆ ಮತ್ತೆ ತುಂಬುತ್ತದೆ, ದೀಪ ಉರಿಯುತ್ತದೆ, ಡ್ರೈವರ್ ಮತ್ತೆ ನಿಮ್ಮ ಹತ್ತಿರ ಬರುತ್ತಾರೆ.

ತಣ್ಣಗಿದ್ದಾಗಲೂ ಎಂಟೂ ಟೈರು ಒಂದೇ ಸಮನೆ ಹೆಚ್ಚಿದ್ದರೆ ರೆಗ್ಯುಲೇಟರ್ ಮೇಲೆ ಅನುಮಾನ ಪಡಬಹುದು. ಟೀಗೆ ಗೇಜು ಸಿಕ್ಕಿಸಿ ಒತ್ತಡ ಓದಿ. ಇಳಿಸಬೇಕಾದರೆ ಲಾಕ್‌ನಟ್ ಸಡಿಲಿಸಿ ಸ್ಕ್ರೂ ತಿರುವಿ, ಆಕ್ಸಲಿನ ಗಾಳಿ ಸ್ವಲ್ಪ ಹೊರಬಿಟ್ಟು ಮತ್ತೆ ಓದಿ. ಹೊರಬಿಡದೆ ಓದಿದರೆ ಹಳೆಯ ಅಂಕಿಯೇ ತೋರಿಸುತ್ತದೆ, ಸ್ಕ್ರೂ ಕೆಲಸ ಮಾಡುತ್ತಿಲ್ಲ ಎಂದುಕೊಂಡು ಇನ್ನೂ ತಿರುವುತ್ತೀರಿ. ಟೈರುಗಳನ್ನು ಕೈಯಿಂದಲೇ ಇಳಿಸಬೇಕು. ಚೆಕ್ ವಾಲ್ವ್ ಇರುವುದರಿಂದ ತುಂಬಿದ್ದು ತಾನಾಗಿ ಹಿಂದೆ ಬರುವುದಿಲ್ಲ. ಒತ್ತಡ ತಾನೇ ಇಳಿಸುವ ಹೊಸ ಜಾತಿಗಳೂ ಇವೆ, ಅವುಗಳ ಮಾತು ಬೇರೆ.

ಏರಿಸುವಾಗಲೂ ಒಂದು ಮಿತಿ ನೆನಪಿರಲಿ. ಕಂಪ್ರೆಸರು ಸಾಮಾನ್ಯವಾಗಿ 100ರ ಸುಮಾರಿಗೆ ಶುರುವಾಗಿ 125ರ ಸುಮಾರಿಗೆ ನಿಲ್ಲುತ್ತದೆ. ರೆಗ್ಯುಲೇಟರನ್ನು 110ಕ್ಕೆ ಇಟ್ಟರೆ ಟ್ಯಾಂಕು 110ರ ಕೆಳಗಿರುವಷ್ಟು ಹೊತ್ತು ಟೈರು 110 ಮುಟ್ಟದು; ಟ್ಯಾಂಕು ಮೇಲೆ ಹೋದಾಗ ಉಳಿದ ಗಾಳಿ ಹೋಗುತ್ತದೆ. ದೀಪ ಹೊತ್ತುವುದು, ಆರುವುದು, ಹೊತ್ತುವುದು. ಸೋರಿಕೆಯನ್ನು ಎಲ್ಲಿ ಹುಡುಕಿದರೂ ಸಿಗದಿದ್ದರೆ ಈ ಲೆಕ್ಕ ಹಾಕಿ ನೋಡಿ.

ಬೇರೆ ಜಾತಿಗಳು

ಮೇಲಿನದೆಲ್ಲ ಟ್ರೇಲರಿನ ಟ್ಯಾಂಕಿನಿಂದ ತುಂಬುವ ಜಾತಿಗೆ. ಮುಂದಿನ ಗಾಡಿಯ ಚಕ್ರಗಳಿಗೆ ಕ್ಯಾಲಿಫೋರ್ನಿಯಾದ ಅಪೀರಿಯಾ ಕಂಪನಿಯ ಹ್ಯಾಲೋ ಎಂಬ ಡಬ್ಬಿ ಬರುತ್ತದೆ. ಹಬ್ಬಿಗೆ ಕೂರಿಸಿದ ಅದರೊಳಗೆ ಒಂದು ತೂಕ ಜೋತಾಡುತ್ತ ಪಂಪು ಒತ್ತುತ್ತದೆ. ಟ್ಯಾಂಕೂ ಇಲ್ಲ, ವೈರೂ ಇಲ್ಲ. ಹಾಗಾಗಿ ಅಲ್ಲಿ ನೋಡಬೇಕಾದ್ದು ಹೋಸು, ನಿಪ್ಪಲು, ಡಬ್ಬಿಯ ಬಿಗಿತ ಇಷ್ಟೇ. ಚಕ್ರ ತಿರುಗದಿದ್ದರೆ ಗಾಳಿಯಿಲ್ಲ, ನಿಂತ ಗಾಡಿಯ ಟೈರು ಇಳಿದದ್ದಕ್ಕೆ ಅದನ್ನು ಬೈಯಬೇಡಿ. ಸೈನ್ಯದ ಲಾರಿಗಳಲ್ಲಿ, ಹಮ್ಮರ್‌ನಂಥ ಗಾಡಿಗಳಲ್ಲಿ ಡ್ರೈವರ್ ಕೂತಲ್ಲಿಂದಲೇ ಗಾಳಿ ಏರಿಸುವ, ಇಳಿಸುವ ಏರ್ಪಾಟು ಇದೆ. ಎರಡನೇ ಮಹಾಯುದ್ಧದ ಡಕ್ ಎಂಬ ನೀರು-ನೆಲದ ಲಾರಿಯಲ್ಲೇ ಅದು ಇತ್ತು, ಮರಳಿಗೆ ಇಳಿಸಿ ರಸ್ತೆಗೆ ಏರಿಸುತ್ತಿದ್ದರು. ಅಲ್ಲಿ ಗಾಳಿ ಎರಡೂ ಕಡೆ ಓಡುವುದರಿಂದ ಮೇಲಿನ ಚೆಕ್ ವಾಲ್ವ್ ಪರೀಕ್ಷೆ ನಡೆಯದು.

ಇನ್ನು ಟೈರೇ ತನ್ನ ಪಾಡಿಗೆ ಗಾಳಿ ಹೀರುವ ಕನಸು. 2011ರಲ್ಲಿ ಗುಡ್‌ಇಯರ್ ಕಂಪನಿ ಅದನ್ನು ಮಾಡುತ್ತಿದ್ದೇವೆ ಎಂದು ಪ್ರಕಟಿಸಿತು. ಟೈರಿನ ಗೋಡೆಯೊಳಗೊಂದು ನಳಿಗೆ. ಉರುಳುವಾಗ ನೆಲಕ್ಕೆ ತಾಗುವ ಭಾಗ ಅದನ್ನು ಹಿಂಡುತ್ತ, ಹಸುವಿನ ಮೊಲೆಯಿಂದ ಹಾಲು ಇಳಿಸಿದಂತೆ ಗಾಳಿಯನ್ನು ಒಳಕ್ಕೆ ತಳ್ಳುವುದು. ಲಕ್ಷಣವಾದ ಯೋಚನೆ. ನನ್ನ ಯಾರ್ಡಿಗೆ ಅಂಥ ಟೈರು ಇನ್ನೂ ಬಂದಿಲ್ಲ.

ಮುಗಿಸುವ ಮುಂಚೆ

ರಿಪೇರಿ ಆಯಿತು, ದೀಪ ಆರಿತು ಎಂದು ಕೀಲಿ ಕೊಡಬೇಡಿ. ಸಮಯವಿದ್ದರೆ ಕೈ ವಾಲ್ವ್ ಮುಚ್ಚಿ, ತಣ್ಣಗಿರುವ ಎಂಟೂ ಟೈರಿನ ಒತ್ತಡವನ್ನು ಆಯಾ ಟೈರಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗಂಟೆಯ ಸಮೇತ ಬರೆದು ರಾತ್ರಿ ನಿಲ್ಲಿಸಿ. ಒಳ್ಳೆಯ ಟೈರು ತಿಂಗಳಿಗೆ 1ರಿಂದ 3 ಪಿಎಸ್‌ಐ ಕಳೆದುಕೊಳ್ಳುವುದು ಸಹಜ. ಒಂದು ರಾತ್ರಿಯಲ್ಲಿ ಒಂದು ಟೈರು ಮಾತ್ರ ಐದು ಇಳಿದಿದ್ದರೆ ಅದರಲ್ಲಿ ತೂತಿದೆ, ದೀಪ ಏನೇ ಹೇಳಲಿ. ಎಂಟೂ ಸಮನಾಗಿ ಒಂದೆರಡು ಇಳಿದಿದ್ದರೆ ಅದು ಬೆಳಗಿನ ತಂಪು.

ಅಂಕಿಗಳು ಸರಿಯಾಗಿದ್ದರೆ ಮುಚ್ಚಿದ ವಾಲ್ವ್ ತೆರೆಯಿರಿ. ಇದನ್ನು ಮರೆತು ಎರಡು ಸಲ ನಾನೇ ಟ್ರೇಲರ್ ಕಳಿಸಿದ್ದೇನೆ. ಎರಡೂ ಸಲ ದೂರು ಒಂದೇ: "ದೀಪ ಆರಿದೆ ಭಾಯಿ, ಚೆನ್ನಾಗಿ ಮಾಡಿದ್ದೀರಿ, ಆದರೆ ಟೈರು ಯಾಕೋ ಇಳಿದ ಹಾಗಿದೆ." ಈಗ ವಾಲ್ವ್ ಮುಚ್ಚಿದ ಕೂಡಲೇ ಅದರ ಹಿಡಿಕೆಗೆ ಒಂದು ಕೆಂಪು ಬಟ್ಟೆ ಕಟ್ಟುತ್ತೇನೆ. ಆ ಬಟ್ಟೆ ನನ್ನ ಜೇಬಿಗೆ ವಾಪಸ್ ಬರುವವರೆಗೆ ಬಿಲ್ಲು ಬರೆಯುವುದಿಲ್ಲ.